ಕೋಟಗಿರಿಯ ಕೆಂಪು ಬಂಗಲೆ, ಅದರ ಪಕ್ಕದ ಅಜ್ಜಿ

ಜನವರಿ 11, 2025, ಶನಿವಾರ ರಾತ್ರಿ
ಕೋಟಗಿರಿ

ಅಮ್ಮ ಎರಡು ಕಂಬಳಿ ಹೊದ್ದು ಮಲಗಿದ್ದಾಳೆ. ನನಗೆ ನಿದ್ದೆ ಹತ್ತುತ್ತಿಲ್ಲ. ಮಧ್ಯಾಹ್ನದ ಅಜ್ಜಿಯ ಮಾತೇ ಕಿವಿಯಲ್ಲಿದೆ.

ಕಣ್ಣೇರಿಮುಕ್ಕಿನ ಸಲಿವನ್ ಬಂಗಲೆ ನೋಡಲು ಹೋಗಿದ್ದೆವು. ಕೊಯಮತ್ತೂರಿನ ಬ್ರಿಟಿಷ್ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1819ರಲ್ಲಿ ಈ ನೀಲಗಿರಿ ಬೆಟ್ಟ ಹತ್ತಿ ಬಂದು ಕಟ್ಟಿಸಿದ ಮನೆ. ಹಾಳುಬಿದ್ದಿದ್ದನ್ನು ರಿಪೇರಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಕೆಂಪು ಗೋಡೆ, ಒಳಗೆಲ್ಲಾ ಬೆಟ್ಟದ ಜನರ ಹಳೆಯ ಫೋಟೋಗಳು. ಇಂಥ ಮನೆ ಉಳಿಸಿಕೊಳ್ಳೋದು ಸುಲಭವಲ್ಲ. ಖುಷಿಯಾಯಿತು.

ಹೊರಗೆ ಬಂದಾಗ ಅಮ್ಮನಿಗೆ ಮಂಡಿ ನೋವು. ಪಕ್ಕದ ಮನೆಯ ಜಗಲಿ ಮೇಲೆ ಕೂತಳು. ಅಲ್ಲೊಬ್ಬರು ಅಜ್ಜಿ, ಬಿಳಿ ಬಟ್ಟೆ, ತಲೆಗೂ ಬಿಳಿ ವಸ್ತ್ರ. ಏನೋ ಕೇಳಿದರು. ನಾನು ತಮಿಳು ಅಂದುಕೊಂಡೆ. ಅಮ್ಮ ಸುಮ್ನೆ ನಮ್ಮ ಮಂಡ್ಯದ ಮಾತಲ್ಲೇ ಉತ್ತರ ಕೊಟ್ಟಳು. ಯಾವ ಹಟ್ಟಿಯವರು ಅಂತ ಅವರು ಕೇಳಿದ್ದಂತೆ!

‘ಮಂಡ್ಯ’ ಅವರಿಗೆ ಗೊತ್ತಾಗಲಿಲ್ಲ. ‘ಮೈಸೂರು’ ಅಂದಾಗ ಮುಖ ಅರಳಿತು. ತಮ್ಮ ಹಿರಿಯರು ಬಂದಿದ್ದೇ ಅಲ್ಲಿಂದ ಅಂತ ಕೈ ತೋರಿಸಿದರು. ಅಜ್ಜಿ ಬಡಗರು, ಈ ಬೆಟ್ಟದ ಒಂದು ಸಮುದಾಯದವರು. ಬಡಗ ಅಂದರೆ ಬಡಗು ದಿಕ್ಕಿನವರು, ಉತ್ತರದಿಂದ ಬಂದವರು, ಅಲ್ವಾ. ಶಾಲೆಯಲ್ಲಿ ಒಂದು ಸಾಲು ಓದಿದ್ದು ಬಿಟ್ಟರೆ ಅವರ ಮಾತನ್ನು ನಾನು ಕೇಳಿದ್ದು ಇವತ್ತೇ. ಅವರಲ್ಲಿ ಅಜ್ಜಿಗೆ ‘ಹೆತ್ತೆ’. ಅವರ ದೇವರೂ ಹೆತ್ತೆಯೇ. ಅವಳಿಗೆ ಮಾಡೋದೂ ‘ಹಬ್ಬ’ವೇ.

"ನಮ್ಮಜ್ಜಿ ಮಾತಾಡ್ದಂಗೇ ಐತಲ್ಲೋ," ಅಂದಳು ಅಮ್ಮ. ಕಣ್ಣು ಒದ್ದೆಯಾಗಿತ್ತು. ಅಷ್ಟು ಹೊತ್ತೂ ಇಬ್ಬರೂ ಕೈ ಹಿಡಿದುಕೊಂಡೇ ಕೂತಿದ್ದರು.

ಸಲಿವನ್ ನೀಲಗಿರಿಯನ್ನು ಕಂಡುಹಿಡಿದ ಅಂತ ನಾನೇ ಎಷ್ಟು ಜನಕ್ಕೆ ಹೇಳಿದ್ದೇನೆ! ಅವನು ಬಂದಾಗ ಇಲ್ಲಿ ಹಟ್ಟಿಗಳಿದ್ದವು, ಹೊಲಗಳಿದ್ದವು, ಹೆತ್ತೆಯರಿದ್ದರು. ಅದು ಅವನಿಗೂ ಗೊತ್ತಿತ್ತು. ಇಲ್ಲಿನ ಬುಡಕಟ್ಟಿನವರಾದ ತೋಡರ ಜಮೀನು ಅವರದ್ದೇ ಅಂತ ತನ್ನ ಸರ್ಕಾರದ ಜೊತೆಯೇ ವಾದಿಸಿದವನು. ಹೇಳೋದರಲ್ಲಿ ತಪ್ಪಿದ್ದು ನಾವು.

ವಿಪರೀತ ಚಳಿ. ಬೆರಳು ಮರಗಟ್ಟುತ್ತಿದೆ.

ನಾಳೆ ಊಟಿ. ಸೇಂಟ್ ಸ್ಟೀಫನ್ಸ್ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಬಂದವು ಅಂತ ಹೇಳಿದಾಗಿನಿಂದ ಅಮ್ಮನಿಗೆ ಅದನ್ನು ಮುಟ್ಟಿ ನೋಡುವ ಆಸೆ. ಹೋಗೋಣ. ಆದರೆ ಬೆಳಿಗ್ಗೆ ಮೊದಲು ಆ ಜಗಲಿಗೇ ಹೋಗಬೇಕು. ಬಿತ್ತೋದಕ್ಕೆ, ಕೊಯ್ಯೋದಕ್ಕೆ, ಮಗು ಮಲಗಿಸೋದಕ್ಕೆ ಏನಂತಾರೆ, ಒಂದೂ ಕೇಳಲಿಲ್ಲ. ಹೆಸರು ಕೂಡ