ಮಕ್ಕಳ ಕೈಗೆ ಅವರದೇ ಕ್ಯಾಮೆರಾ

2025 ಏಪ್ರಿಲ್ 27, ಭಾನುವಾರ
ಪೆರ್ಲ, ಕಾಸರಗೋಡು ಜಿಲ್ಲೆ

ಈ ಸಲದ ವಿಷು ಹಬ್ಬದಂದು, ಮುಂಜಾನೆ ಎದ್ದೊಡನೆ ನೋಡಲೆಂದು ಇಡುವ ಕಣಿಯ ಪಕ್ಕದಲ್ಲಿ ಎರಡು ಹಳೆಯ ಡಿಜಿಟಲ್ ಕ್ಯಾಮೆರಾಗಳನ್ನು ಇರಿಸಿ, ಬೆಳಗ್ಗೆ ತಂಗಿಯ ಮಕ್ಕಳಿಬ್ಬರಿಗೂ ಒಂದೊಂದನ್ನು ಕೊಟ್ಟಿದ್ದೆ. ಹುಡುಗಿಗೆ ಏಳು ವರ್ಷ, ಅವಳ ತಮ್ಮನಿಗೆ ಐದು. ಅಂದಿನಿಂದ ಇಂದಿನವರೆಗೆ ಅವರು ಅವುಗಳನ್ನು ಹೇಗೆ ಬಳಸುತ್ತಿದ್ದಾರೆ ಎಂಬುದನ್ನು ನೋಡುತ್ತ ಬಂದಿದ್ದೇನೆ. ಮರೆಯುವ ಮೊದಲು ಕೆಲವನ್ನು ಬರೆದಿಡಬೇಕೆನಿಸಿತು.

"ಮೊಬೈಲಿಲಿ ತೆಗದರೆ ಸಾಕನ್ನೆ ಅಕ್ಕಾ?" ಎಂದು ತಂಗಿ ಮೊದಲ ದಿನವೇ ಕೇಳಿದ್ದಳು. ಸಾಲದು ಎಂಬುದೇ ನನ್ನ ಖಚಿತ ಅಭಿಪ್ರಾಯ. ಮೊಬೈಲು ದೊಡ್ಡವರ ವಸ್ತು. ಮಗುವಿನ ಕೈಗೆ ಅದು ಬರುವುದು ಐದು ನಿಮಿಷದ ಮಟ್ಟಿಗೆ, ಅದೂ "ಬೀಳಿಸಬೇಡ" ಎಂಬ ಎಚ್ಚರಿಕೆಯ ಜೊತೆಗೆ. ನಡುವೆ ಕರೆ ಬಂದರೆ ಹಿಂದಕ್ಕೆ ಕೊಡಬೇಕು, ಬರದಿದ್ದರೆ ಮಗುವಿನ ಬೆರಳು ತಾನಾಗಿ ವಿಡಿಯೋಗಳ ಕಡೆಗೆ ಸರಿಯುತ್ತದೆ. ಚಿತ್ರ ತೆಗೆಯುವುದನ್ನು ಬಿಟ್ಟು ಬೇರೇನನ್ನೂ ಮಾಡಲಾಗದ, ರಾತ್ರಿ ತನ್ನ ತಲೆದಿಂಬಿನ ಬಳಿಯಲ್ಲೇ ಇಟ್ಟುಕೊಳ್ಳಬಹುದಾದ ಒಂದು ಯಂತ್ರ ತನ್ನದೇ ಆಗಿದ್ದರೆ ಮಾತ್ರ, ನಾಳೆ ಬೆಳಗ್ಗೆ ಏನನ್ನು ತೆಗೆಯಲಿ ಎಂದು ಮಗು ಮಲಗುವ ಮೊದಲೇ ಯೋಚಿಸತೊಡಗುತ್ತದೆ. ಅಂಗಡಿಗಳಲ್ಲಿ ಸಿಗುವ ಬಣ್ಣಬಣ್ಣದ ಮಕ್ಕಳ ಕ್ಯಾಮೆರಾಗಳನ್ನೂ ನಾನು ನೋಡಿದ್ದುಂಟು. ಅವುಗಳಲ್ಲಿ ಹಲವಕ್ಕೆ ಆಟಗಳನ್ನೂ ತುಂಬಿರುವುದರಿಂದ ನನಗೆ ಅವು ಹಿಡಿಸಲಿಲ್ಲ. ಅದಕ್ಕಿಂತ ಮನೆಮನೆಯ ಕಪಾಟಿನಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಪುಟ್ಟ ಕ್ಯಾಮೆರಾಗಳೇ ವಾಸಿ. ಆದರೆ ತೀರ ಹಳೆಯವು ಕೆಲವು 2 ಜಿಬಿಗಿಂತ ದೊಡ್ಡ ಮೆಮೊರಿ ಕಾರ್ಡನ್ನು ಓದುವುದೇ ಇಲ್ಲವಾದ್ದರಿಂದ, ಹೊಸ ಕಾರ್ಡು ಕೊಳ್ಳುವ ಮುನ್ನ ಇದನ್ನು ನೋಡಿಕೊಳ್ಳಬೇಕು. ಕೊರಳಿಗೆ ಹಾಕುವ ಪಟ್ಟಿಯ ಬದಲು ಮಣಿಕಟ್ಟಿನ ಪಟ್ಟಿಯನ್ನೇ ಕಟ್ಟಿಸಿದ್ದೇನೆ. ಮರ ಹತ್ತುವ ಮಕ್ಕಳ ಕೊರಳಲ್ಲಿ ದಾರ ನೇತಾಡಬಾರದು.

ಮಕ್ಕಳಿಗಾಗಿ ಕ್ಯಾಮೆರಾ ಎಂಬುದು ಇಂದಿನ ವಿಚಾರವೇನೂ ಅಲ್ಲ. ಕೊಡಕ್ ಕಂಪೆನಿಯು 1900ರಲ್ಲಿ ಬ್ರೌನಿ ಎಂಬ ಹೆಸರಿನ ಸರಳ ಪೆಟ್ಟಿಗೆ ಕ್ಯಾಮೆರಾವನ್ನು ಕೇವಲ ಒಂದು ಡಾಲರಿಗೆ ಮಾರುಕಟ್ಟೆಗೆ ತಂದಾಗ ಮಕ್ಕಳನ್ನೇ ಮುಖ್ಯವಾಗಿ ಕಣ್ಣಮುಂದೆ ಇಟ್ಟುಕೊಂಡಿತ್ತು. ಅದರ ಒಂದು ಫಿಲ್ಮ್ ಸುರುಳಿಯಲ್ಲಿ ಆರೇ ಚಿತ್ರಗಳು. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಜಾಕ್ ಆನ್ರಿ ಲಾರ್ತೀಗ್ ಎಂಬವರಿಗೆ ತಂದೆಯಿಂದ ಮೊದಲ ಕ್ಯಾಮೆರಾ ಸಿಕ್ಕಿದ್ದು 1902ರಲ್ಲಿ, ಅವರಿನ್ನೂ ಏಳೆಂಟು ವರ್ಷದ ಹುಡುಗನಾಗಿದ್ದಾಗ. 1905ರ ಒಂದು ಚಿತ್ರದಲ್ಲಿ ಅವರು ಕೋಣೆಯ ನೆಲದ ಮೇಲೆ ತಮ್ಮ ಆಟಿಕೆ ಕಾರುಗಳನ್ನು ಜೋಡಿಸಿ, ಕ್ಯಾಮೆರಾವನ್ನೂ ನೆಲದ ಮಟ್ಟಕ್ಕೆ ಇಳಿಸಿ ತೆಗೆದಿದ್ದಾರೆ. ನಿಂತು ಕೆಳಗೆ ನೋಡುವ ದೊಡ್ಡವರಿಗೆ ಆ ಚಿತ್ರ ಹೊಳೆಯುತ್ತಿರಲಿಲ್ಲ. ನಮ್ಮ ಐದು ವರ್ಷದವನ ಚಿತ್ರಗಳಲ್ಲೂ ನಾನು ಕಾಣುತ್ತಿರುವುದು ಇದನ್ನೇ. ಹಟ್ಟಿಯ ದನದ ಮೂಗು, ಬಾಳೆ ಎಲೆಯ ಅಡಿಭಾಗ, ಊಟದ ಮೇಜಿನ ಕೆಳಗೆ ಸಾಲಾಗಿ ಕಾಣುವ ನಮ್ಮೆಲ್ಲರ ಮೊಣಕಾಲುಗಳು. ಅಂಗಳದಲ್ಲಿ ಒಣಗುತ್ತಿರುವ ಅಡಿಕೆಯ ನಡುವೆ ಕುಳಿತು ಅವನು ತೆಗೆದ ಚಿತ್ರದಲ್ಲಿ ಆಕಾಶದ ಅಂಚಿನವರೆಗೂ ಅಡಿಕೆಯೇ ಇದೆ. ಅಷ್ಟು ವರ್ಷಗಳಿಂದ ಅದೇ ಅಂಗಳದಲ್ಲಿ ಅಡಿಕೆ ಮಗುಚುತ್ತ ಬಂದ ನನಗೆ ಅದು ಹೊಸದೊಂದು ಬಯಲಿನಂತೆ ಕಂಡಿತು.

ಕಲಿಸಿದ್ದು ಬಹಳ ಕಡಿಮೆ. ಗುಂಡಿಯನ್ನು ಅರ್ಧ ಒತ್ತಿ, ಪರದೆಯ ಮೇಲೆ ಹಸಿರು ಚೌಕ ಬರುವವರೆಗೆ ಕಾಯ್ದು, ಅನಂತರ ಪೂರ್ತಿ ಒತ್ತಬೇಕು ಎಂಬುದೊಂದು. ಇರುವೆಗಳ ಸಾಲಿಗೆ ಮೂಗು ತಾಗುವಷ್ಟು ಹತ್ತಿರ ಹೋದರೆ ಚೌಕ ಹಸಿರಾಗುವುದಿಲ್ಲ, ಗೇಣು ಹಿಂದೆ ಸರಿದರೆ ಆಗುತ್ತದೆ ಎಂಬುದನ್ನು ಅವರೇ ಕಂಡುಕೊಂಡರು. ಸೂರ್ಯನ ಕಡೆಗೆ ಕ್ಯಾಮೆರಾ ಹಿಡಿಯಬಾರದು ಎಂಬುದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಕ್ಯಾಮೆರಾದ ಒಳಗೆ ಏನಾಗುತ್ತದೆ ಎಂಬುದನ್ನು ಅಕ್ಕನಾದವಳು ಕೇಳಿಯೇ ಕೇಳಿದಳು. ಅದಕ್ಕೆ ಉತ್ತರ ನಮ್ಮ ಹಲಸಿನ ಮರದ ನೆರಳಿನಲ್ಲೇ ಇತ್ತು. ಎಲೆಗಳ ಸಂದುಗಳು ಯಾವ ಆಕಾರದಲ್ಲಿದ್ದರೂ ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆಗಳು ದುಂಡಗೇ ಇರುತ್ತವೆ, ಏಕೆಂದರೆ ಪ್ರತಿಯೊಂದು ಚುಕ್ಕೆಯೂ ಸಂದಿನ ಆಕಾರವಲ್ಲ, ಸೂರ್ಯನದೇ ಚಿತ್ರ. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣವಾದಾಗ, ನಮ್ಮದೇ ಜಿಲ್ಲೆಯ ಚೆರುವತ್ತೂರಿಗೆ ಅದನ್ನು ನೋಡಲೆಂದು ಜನ ಬಂದು ಸೇರಿದ್ದ ಆ ಬೆಳಗ್ಗೆ, ಇದೇ ಮರದಡಿಯಲ್ಲಿ ಆ ಚುಕ್ಕೆಗಳೆಲ್ಲ ಬಳೆಗಳಾಗಿದ್ದುದನ್ನು ನಾನು ನೋಡಿದ್ದೆ. ಹುಡುಗಿ ಆಗ ಕಂಕುಳಲ್ಲಿದ್ದ ಕೂಸು, ತಮ್ಮ ಹುಟ್ಟಿರಲಿಲ್ಲ. ಇದನ್ನು ಹೇಳಿದ ಮೇಲೆ ಚಪ್ಪಲಿಯ ಖಾಲಿ ಪೆಟ್ಟಿಗೆಯೊಂದರ ಒಂದು ಬದಿಗೆ ಸೂಜಿಯಿಂದ ತೂತು ಮಾಡಿ, ಎದುರು ಬದಿಯನ್ನು ಕತ್ತರಿಸಿ ಎಣ್ಣೆ ಸವರಿದ ತೆಳು ಕಾಗದ ಅಂಟಿಸಿದೆವು. ತಲೆಯ ಮೇಲೆ ಕಂಬಳಿ ಹೊದ್ದು ತೋಟದ ಕಡೆಗೆ ಹಿಡಿದಾಗ ಕಾಗದದ ಮೇಲೆ ಅಡಿಕೆಯ ಕಂಗುಗಳೆಲ್ಲ ತಲೆಕೆಳಗಾಗಿ ನಿಂತಿದ್ದವು. ಮಸೂರವಿಲ್ಲ, ಬ್ಯಾಟರಿಯಿಲ್ಲ, ಆದರೂ ಚಿತ್ರವಿದೆ. ಚಿತ್ರವನ್ನು ಮಾಡುವುದು ಬೆಳಕು, ನಾವು ಮಾಡುವುದು ಅದಕ್ಕೊಂದು ಕತ್ತಲೆಯ ಮನೆಯನ್ನು ಮಾತ್ರ ಎಂಬುದು ಅವರಿಗೆ ತಿಳಿಯಿತೆಂದೇ ನನ್ನ ನಂಬಿಕೆ.

ಇಂದು ಮಧ್ಯಾಹ್ನ ಗುಡ್ಡೆಯ ಬದಿಯ ಸುರಂಗದ ಬಾಯಿಗೆ ಅವರನ್ನು ಕರೆದುಕೊಂಡು ಹೋಗಿದ್ದೆ. ಮುರಕಲ್ಲಿನ ಗುಡ್ಡೆಯನ್ನು ಅಡ್ಡಲಾಗಿ ಕೊರೆದು ನೀರು ತೆಗೆಯುವ ಈ ಸುರಂಗಗಳು ನಮ್ಮ ಕಡೆಯ ತೋಟಗಳ ಜೀವಾಳ. ಒಳಗೆ ಹೋಗಬಾರದು, ಹೊರಗೆ ನಿಂತೇ ತೆಗೆಯಬೇಕು ಎಂಬುದು ಕರಾರು. ಹುಡುಗಿಯ ಮೊದಲ ಚಿತ್ರದಲ್ಲಿ ಬಾಯಿಯ ಸುತ್ತಲಿನ ಕಲ್ಲು ಬಿಸಿಲಿಗೆ ಹೊಳೆಯುತ್ತಿತ್ತು, ಒಳಗೆಲ್ಲ ಬರೀ ಕಪ್ಪು. ಫ್ಲಾಶ್ ಹಾಕಿದಾಗ ಬಾಯಿಯ ಬಳಿಯ ಜರಿಗಿಡವಷ್ಟೇ ಬೆಳ್ಳಗಾಯಿತು. ನಾನು ಏನೂ ಹೇಳಲಿಲ್ಲ. ಅವಳು ಬಾಯಿಯ ಹತ್ತಿರ ಹೋಗಿ, ಬಿಸಿಲಿನ ಕಲ್ಲು ಪರದೆಯೊಳಗೆ ಬಾರದ ಹಾಗೆ ನಿಂತು, ಫ್ಲಾಶ್ ಆರಿಸಿ, ಎರಡೂ ಕೈಗಳನ್ನು ಕಲ್ಲಿಗೆ ಒತ್ತಿಹಿಡಿದು ತೆಗೆದಳು. ಕ್ಯಾಮೆರಾ ತನ್ನ ಎದುರಿಗಿರುವ ಬೆಳಕನ್ನೆಲ್ಲ ಒಟ್ಟಾಗಿ ಅಳೆಯುವುದರಿಂದ, ಬಿಸಿಲು ಚೌಕಟ್ಟಿನಿಂದ ಹೊರಗಾದೊಡನೆ ಕತ್ತಲೆಯ ವಿವರಗಳು ಮೇಲಕ್ಕೆ ಬಂದವು: ಗೋಡೆಯ ಮೇಲೆ ಪಿಕ್ಕಾಸಿನ ಗುರುತುಗಳು, ನೆಲದಲ್ಲಿ ಹರಿಯುವ ನೀರಿನ ಒಂದು ಗೆರೆ. ಈ ನಿಯಮವನ್ನು ನಾನು ಮೊದಲೇ ಹೇಳಿದ್ದರೆ ಅವಳು ಮರೆಯುತ್ತಿದ್ದಳು. ತಾನೇ ಕಂಡುಕೊಂಡದ್ದನ್ನು ಮರೆಯಲಾರಳು.

ಹೇಳಲೇಬೇಕಾದ ಇನ್ನೊಂದು ಮಾತಿದೆ. ಪೆರ್ಲವೂ ಸೇರಿರುವ ನಮ್ಮ ಎಣ್ಮಕಜೆ ಪಂಚಾಯತಿನ ಸುತ್ತಮುತ್ತಲಿನ ಮಕ್ಕಳ ಚಿತ್ರಗಳನ್ನು ಜಗತ್ತು ಬೇಕಾದಷ್ಟು ನೋಡಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದುದರ ಫಲವನ್ನು ಆ ಚಿತ್ರಗಳು ದೂರದವರಿಗೂ ಕಾಣಿಸಿದವು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಆ ವಿಷಕ್ಕೆ ತಡೆ ಒಡ್ಡುವ ಹೊತ್ತಿಗೆ ಅವು ಮನೆಮಾತಾಗಿದ್ದವು. ಅವು ಬೇಕಾಗಿದ್ದವು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಚಿತ್ರಗಳಲ್ಲೆಲ್ಲ ಮಗು ಕ್ಯಾಮೆರಾದ ಎದುರಿಗೇ ಇತ್ತು. ಅಮೆರಿಕದ ವೆಂಡಿ ಇವಾಲ್ಡ್ ಎಂಬ ಛಾಯಾಗ್ರಾಹಕಿ 1970ರ ದಶಕದಲ್ಲಿ ಕೆಂಟಕಿಯ ಬೆಟ್ಟದ ಹಳ್ಳಿಗಳ ಶಾಲೆಗಳಲ್ಲಿ ಮಕ್ಕಳಿಗೇ ಚಿತ್ರ ತೆಗೆಯಲು ಕಲಿಸಿ, ತಮ್ಮನ್ನು, ತಮ್ಮ ಮನೆಯವರನ್ನು, ಪ್ರಾಣಿಗಳನ್ನು, ಕಡೆಗೆ ತಮ್ಮ ಕನಸುಗಳನ್ನು ತೆಗೆಯಿರೆಂದು ಹೇಳಿದರು. ಕನಸನ್ನು ತೆಗೆಯುವುದಕ್ಕೆ ಮಕ್ಕಳು ತಾವೇ ವೇಷ ಹಾಕಿ, ಮರದ ಕವಲಿನಲ್ಲಿ ಮಲಗಿ ದೃಶ್ಯ ಕಟ್ಟಿದರು. ನಮ್ಮ ಊರಿನ ಕನ್ನಡ ಶಾಲೆಗಳಲ್ಲೂ ಇಂಥದೊಂದು ನಡೆಯಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಆದ್ದರಿಂದಲೇ ನಮ್ಮ ಮಕ್ಕಳಿಗೆ ಕೇಳಿ ತೆಗೆಯುವ ಅಭ್ಯಾಸವನ್ನು ಮೊದಲ ದಿನದಿಂದ ಹಾಕಿದ್ದೇನೆ. ಅಡಿಕೆ ಸುಲಿಯಲು ಬರುವ ಅಕ್ಕಂದಿರಲ್ಲಿ ಒಬ್ಬರು ಮೊನ್ನೆ ಬೇಡವೆಂದರು, ಹುಡುಗಿ ಕ್ಯಾಮೆರಾ ಇಳಿಸಿ, "ಕೈ ಮಾತ್ರ ತೆಗೆಯಲಾ?" ಎಂದು ಕೇಳಿದಳು. ಅವರು ನಕ್ಕು ಒಪ್ಪಿದರು. ಮೆಟ್ಟುಕತ್ತಿಯ ಮೇಲಿನ ಆ ಕೈಗಳ ಚಿತ್ರ ಚೆನ್ನಾಗಿ ಬಂದಿದೆ. ಅದರ ಒಂದು ಪ್ರತಿಯನ್ನು ಮೊದಲು ಅವರಿಗೇ ಕೊಡಬೇಕೆಂದು ಅವಳು ನಿಶ್ಚಯಿಸಿದ್ದಾಳೆ.

ರಾತ್ರಿ ಊಟವಾದ ಮೇಲೆ ಇಬ್ಬರೂ ಆ ದಿನದ ಚಿತ್ರಗಳಲ್ಲಿ ಮೂರನ್ನು ಆರಿಸುತ್ತಾರೆ. ನಾನು "ಚೆಂದ ಉಂಟು" ಎಂದು ಹೇಳುವುದಿಲ್ಲ, ಇದನ್ನು ಯಾಕೆ ಆರಿಸಿದೆ ಎಂದು ಮಾತ್ರ ಕೇಳುತ್ತೇನೆ. ಮಸುಕಾದ ಚಿತ್ರಗಳನ್ನು ಅಳಿಸುವ ಹಕ್ಕು ದೊಡ್ಡವರಿಗಿಲ್ಲ. ತಮ್ಮನಿಗೆ ನಾಯಿಯ ಬಾಲ ಅಲ್ಲಾಡಿ ಮಬ್ಬಾಗಿರುವ ಒಂದು ಚಿತ್ರ ಬಹಳ ಇಷ್ಟ. ನಾಯಿ ಸಂತೋಷವಾಗಿರುವುದು ಅದರಲ್ಲಿ ಕಾಣುತ್ತದಂತೆ. ಅವನ ಮಾತು ಸರಿಯೇ.

ನಾಳೆ ಕಾರ್ಡುಗಳನ್ನು ಬದಿಯಡ್ಕದ ಸ್ಟುಡಿಯೋಕ್ಕೆ ಒಯ್ದು ಆರಿಸಿದವುಗಳ ಪ್ರಿಂಟ್ ಹಾಕಿಸಬೇಕು. ಮಳೆಗಾಲಕ್ಕೆ ಮುಂಚೆ ಗಾಳಿಯಾಡದ ಎರಡು ಡಬ್ಬಿಗಳನ್ನೂ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ತರಬೇಕಾಗಿದೆ. ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಮಳೆಯನ್ನು ತೆಗೆಯುವುದು ಹೇಗೆಂದು ತಮ್ಮ ಈಗಲೇ ಕೇಳತೊಡಗಿದ್ದಾನೆ. ಜಗಲಿಯಲ್ಲಿ ಕುಳಿತು, ಹಿಂದೆ ಕಪ್ಪು ತೋಟ ಬರುವ ಹಾಗೆ ಮಾಡಿನಿಂದ ಇಳಿಯುವ ನೀರಿನ ಚಿತ್ರ ತೆಗೆದು ನೋಡು ಎಂದು ಹೇಳಿದ್ದೇನೆ.