ಒಂಟಿ ಬಾಚಿಹಲ್ಲಿನ ಬಣ್ಣ

ಸೆರಾಮಿಕ್ ಹಲ್ಲುಗಳನ್ನು ತಯಾರಿಸುವ ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವುದೆಂದು ಕೇಳಿದರೆ, ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳ ಪೈಕಿ ಒಂದಕ್ಕೆ ಮಾತ್ರ ಕ್ರೌನ್, ಅಂದರೆ ತೇಯ್ದ ಹಲ್ಲಿನ ಮೇಲೆ ಕೂರಿಸುವ ಕವಚ, ಮಾಡುವುದು ಎನ್ನುತ್ತೇನೆ. ಆರು ಹಲ್ಲುಗಳನ್ನು ಒಟ್ಟಿಗೆ ಮಾಡುವಾಗ ಅವು ತಮ್ಮತಮ್ಮಲ್ಲಿ ಹೊಂದಿಕೊಂಡರೆ ಬಹುಪಾಲು ಕೆಲಸ ಮುಗಿದಂತೆ. ಒಂಟಿ ಹಲ್ಲಿಗೆ ಆ ಸೌಲಭ್ಯವಿಲ್ಲ, ಅದರ ಜೋಡಿ ಪಕ್ಕದಲ್ಲೇ ಇರುತ್ತದೆ.

ಕೆಲವು ವರ್ಷಗಳ ಹಿಂದೆ ಅಂಥದೊಂದು ಕ್ರೌನ್ ನನ್ನ ಮೇಜಿಗೆ ಎರಡು ಸಲ ಮರಳಿ ಬಂತು. ವೈದ್ಯರ ಚೀಟಿಯಲ್ಲಿ ಬಣ್ಣ ‘ಎ1’ ಎಂದಷ್ಟೇ ಬರೆದಿತ್ತು. ನಾನು ಮಾಡಿದ ಕ್ರೌನ್, ಬಣ್ಣ ಹೋಲಿಸಿ ನೋಡುವ ಮಾದರಿ ತುಂಡಾದ ಎ1 ಶೇಡ್ ಟ್ಯಾಬ್‌ಗೆ ಸರಿಯಾಗಿಯೇ ಹೊಂದುತ್ತಿತ್ತು, ಆದರೆ ಬಾಯಿಯಲ್ಲಿ ಕೂರಿಸಿದಾಗ ಸುಣ್ಣ ಬಳಿದ ಹಾಗೆ ಎದ್ದು ಕಾಣುತ್ತಿತ್ತಂತೆ. ‘ಸ್ವಲ್ಪ ಹಳದಿ ಸೇರಿಸಿ’ ಎಂಬ ಸೂಚನೆಯೊಂದಿಗೆ ಅದು ಹಿಂದಿರುಗಿತು. ಮೇಲಿನಿಂದ ಹಳದಿ ಸ್ಟೇನ್ ಹಚ್ಚಿ ಸುಟ್ಟು ಕಳುಹಿಸಿದೆ, ಮತ್ತೆ ಬಂತು. ಕೊನೆಗೆ ರೋಗಿಯನ್ನೇ ಲ್ಯಾಬಿಗೆ ಕರೆಸಿಕೊಂಡು ವಿಚಾರಿಸಿದಾಗ, ವೈದ್ಯರು ಹಲ್ಲನ್ನು ತೇಯ್ದು ಅಳತೆ ತೆಗೆದ ನಂತರವೇ ಶೇಡ್ ನೋಡಿದ್ದರೆಂದು ತಿಳಿಯಿತು.

ಅಷ್ಟು ಹೊತ್ತು ತೆರೆದಿಟ್ಟ ಬಾಯಿಯಲ್ಲಿ ಪಕ್ಕದ ಹಲ್ಲೂ ಒಣಗಿರುತ್ತದೆ. ಹಲ್ಲಿನ ಹೊರಪದರವಾದ ಎನಾಮಲ್‌ನ ಸೂಕ್ಷ್ಮ ಸಂದುಗಳಲ್ಲಿದ್ದ ನೀರು ಆರಿ ಅಲ್ಲಿ ಗಾಳಿ ತುಂಬಿಕೊಂಡಾಗ, ಒಳಪದರವಾದ ಡೆಂಟಿನ್‌ವರೆಗೆ ಹೋಗಿ ಅದರ ಬಣ್ಣವನ್ನು ಹೊತ್ತು ಬರಬೇಕಾದ ಬೆಳಕು ಮೇಲ್ಪದರದಲ್ಲಿಯೇ ಚದುರಿ ಹಿಂದಿರುಗುತ್ತದೆ, ಹೀಗಾಗಿ ಹಲ್ಲು ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಇದಕ್ಕೆ ಕೆಲವೇ ನಿಮಿಷಗಳು ಸಾಕು. ಮೊದಲಿನ ಬಣ್ಣಕ್ಕೆ ಮರಳಲು ಮಾತ್ರ ಹಲವು ಗಂಟೆಗಳು, ಕೆಲವೊಮ್ಮೆ ಒಂದು ಇಡೀ ದಿನ ಬೇಕಾಗುತ್ತದೆ. ಆದ್ದರಿಂದ ರೋಗಿ ಕುರ್ಚಿಯಲ್ಲಿ ಕುಳಿತ ಕೂಡಲೇ, ಬೇರೆ ಯಾವ ಕೆಲಸಕ್ಕೂ ಮುನ್ನ, ಶೇಡ್ ನೋಡಬೇಕು.

ನನ್ನ ತಪ್ಪು ಬೇರೆಯದಾಗಿತ್ತು. ಬಣ್ಣಕ್ಕೆ ವರ್ಣ, ವ್ಯಾಲ್ಯೂ, ಗಾಢತೆ (ಆ ವರ್ಣ ಎಷ್ಟು ದಟ್ಟ ಎಂಬುದು) ಎಂಬ ಮೂರು ಆಯಾಮಗಳಿವೆ. ವ್ಯಾಲ್ಯೂ ಎಂದರೆ ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿದ ಮೇಲೂ ಉಳಿಯುವ ತಿಳಿತನ. ಹಲ್ಲಿನ ವಿಷಯದಲ್ಲಿ ಕಣ್ಣು ಮೊದಲು ಹಿಡಿಯುವುದು ಇದನ್ನೇ. ಒಳಗಿನ ಸಾಮಗ್ರಿಯೇ ಅತಿ ತಿಳಿಯಾಗಿದ್ದಾಗ ಮೇಲೆ ಹಳದಿ ಹಚ್ಚಿದ್ದರಿಂದ ಗಾಢತೆ ಹೆಚ್ಚಿತೇ ಹೊರತು ವ್ಯಾಲ್ಯೂ ಬೇಕಾದಷ್ಟು ಇಳಿಯಲಿಲ್ಲ. 1956ರಲ್ಲಿ ಬಂದ ವೀಟಾ ಕಂಪನಿಯ 16 ಟ್ಯಾಬ್‌ಗಳ ಶೇಡ್ ಗೈಡ್ ಇಂದಿಗೂ ನಮ್ಮ ಸಾಮಾನ್ಯ ಭಾಷೆ. ಅದನ್ನು ಎ, ಬಿ, ಸಿ, ಡಿ ಎಂಬ ವರ್ಣದ ಗುಂಪುಗಳಾಗಿ ಜೋಡಿಸಿಟ್ಟರೆ ವರ್ಣವೇ ಮುಖ್ಯವೆಂಬ ಭ್ರಮೆ ಹುಟ್ಟುತ್ತದೆ. ಬಿ1, ಎ1, ಬಿ2, ಡಿ2, ಎ2 ಎಂಬ ತಿಳಿಯಿಂದ ಕಪ್ಪಿನೆಡೆಗಿನ ಕ್ರಮದಲ್ಲಿ ಜೋಡಿಸಿಕೊಂಡು, ಕಣ್ಣನ್ನು ಅರೆಮುಚ್ಚಿ ನೋಡಿದರೆ ಆಯ್ಕೆ ಎಷ್ಟೋ ಸುಲಭವಾಗುತ್ತದೆ. ಒಂದೊಂದು ನೋಟ ಐದಾರು ಸೆಕೆಂಡಿಗಿಂತ ಹೆಚ್ಚಿರಬಾರದು, ನಡುವೆ ಬೂದುಬಣ್ಣದ ಹಾಳೆಯ ಮೇಲೆ ಕಣ್ಣಿಗೆ ವಿಶ್ರಾಂತಿ ಕೊಡಬೇಕು. ಬೆಳಕು ಸುಮಾರು 5500ರಿಂದ 6500 ಕೆಲ್ವಿನ್ ಇರಬೇಕು, ಲಿಪ್‌ಸ್ಟಿಕ್ ಇದ್ದರೆ ಒರೆಸಬೇಕು.

ಅಂದು ರೋಗಿಯನ್ನು ಕಿಟಕಿಯ ಬಳಿ ಕೂರಿಸಿ ಪಕ್ಕದ ಹಲ್ಲನ್ನು ನೋಡಿದಾಗ, ವಸಡಿನ ಬಳಿ ಜೇನಿನ ಛಾಯೆಯಿತ್ತು, ನಡುಭಾಗ ಎ2ಗೆ ಹತ್ತಿರವಿತ್ತು. ಕಚ್ಚುವ ಅಂಚಿನಲ್ಲಿ ಒಂದು ಮಿಲಿಮೀಟರಿಗಿಂತಲೂ ಕಿರಿದಾದ, ನೀಲಿ ಬೆರೆತ ಬೂದು ಪಟ್ಟಿಯೊಂದು ಹಾದುಹೋಗಿತ್ತು, ಅದರ ಕೆಳಗೆ ಅಂಚಿನ ಗುಂಟ ಕೂದಲೆಳೆಯಷ್ಟು ಬಿಳಿ ಗೆರೆ. ಇವೆಲ್ಲ ‘ಎ1’ ಎಂಬ ಎರಡಕ್ಷರದಲ್ಲಿ ಎಲ್ಲಿ ಅಡಗಬೇಕು? ಬಣ್ಣ ಅಳೆಯುವ ಯಂತ್ರವಾದ ಸ್ಪೆಕ್ಟ್ರೋಫೋಟೋಮೀಟರ್ ಸಂಖ್ಯೆಯನ್ನು ಇನ್ನಷ್ಟು ನಿಖರವಾಗಿ ಕೊಡುತ್ತದೆ, ನಾನೂ ಅದನ್ನು ಗೌರವಿಸುತ್ತೇನೆ. ಆದರೂ ಆ ಪಟ್ಟಿಯನ್ನು ನನಗೆ ತೋರಿಸುವುದು, ಟ್ಯಾಬನ್ನು ಹಲ್ಲಿನ ಸಮತಲದಲ್ಲಿಯೇ ಹಿಡಿದು ತೆಗೆದ ಒಳ್ಳೆಯ ಫೋಟೋ ಮಾತ್ರ.

ತೇಯ್ದು ಉಳಿದ ಹಲ್ಲಿನ ಬಣ್ಣವನ್ನೂ ಯಾರೂ ಬರೆದಿರಲಿಲ್ಲ. ಲಿಥಿಯಂ ಡೈಸಿಲಿಕೇಟ್‌ನಂತಹ ಬೆಳಕು ಹಾಯುವ ಸಾಮಗ್ರಿಯಲ್ಲಿ, ಅದರಲ್ಲೂ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಅರ್ಧ ಮಿಲಿಮೀಟರ್ ದಪ್ಪದ ವೆನಿಯರ್‌ನಲ್ಲಿ, ಕೆಳಗಿನ ಹಲ್ಲು ಮತ್ತು ಅಂಟಿಸುವ ಸಿಮೆಂಟ್ ಎರಡರ ಬಣ್ಣವೂ ಮೇಲಕ್ಕೆ ತೋರುತ್ತದೆ. ರೂಟ್ ಕೆನಾಲ್ ಆಗಿ ಕಪ್ಪಾದ ಹಲ್ಲಿಗೆ ಪಾರದರ್ಶಕತೆ ಕಡಿಮೆಯಿರುವ ಇಂಗಾಟ್ (ಕ್ರೌನ್ ಮಾಡುವ ಸೆರಾಮಿಕ್ ಗಟ್ಟಿ) ಆರಿಸದಿದ್ದರೆ, ಮೇಜಿನ ಮೇಲೆ ಚೆಂದವಿದ್ದ ಕ್ರೌನ್ ಬಾಯಿಯಲ್ಲಿ ಬೂದಾಗುತ್ತದೆ. ಸಿಮೆಂಟಿಗೆ ಮುನ್ನ ತಾತ್ಕಾಲಿಕವಾಗಿ ಕೂರಿಸಿ ನೋಡಲು ಬಳಸುವ, ಅದೇ ಬಣ್ಣದ ಟ್ರೈ-ಇನ್ ಪೇಸ್ಟ್ ಹಾಕಿ ನೋಡಿದರೆ ಇದು ಮೊದಲೇ ತಿಳಿಯುತ್ತದೆ.

ಮೂರನೆಯ ಸಲ ಹಳೆಯ ಕ್ರೌನನ್ನು ತಿದ್ದದೆ ಹೊಸದನ್ನೇ ಮಾಡಿದೆ. ಒಳಭಾಗವನ್ನು ಒಂದು ಹಂತ ಮಬ್ಬಾಗಿಸಿ, ಅಂಚಿಗೆ ನೀಲಿಛಾಯೆಯ ಎನಾಮಲ್ ಪೌಡರ್ ಇಟ್ಟು, ಪಕ್ಕದ ಹಲ್ಲಿನ ಮೇಲ್ಮೈಯಲ್ಲಿದ್ದ ಅಡ್ಡಗೆರೆಗಳನ್ನು ಸಣ್ಣ ಬರ್‌ನಿಂದ (ಕೊರೆಯುವ ಮೊನೆಯಿಂದ) ಮೂಡಿಸಿದೆ. ಅದು ಮರಳಿ ಬರಲಿಲ್ಲ. ಈಗ ಒಂಟಿ ಬಾಚಿಹಲ್ಲಿನ ಚೀಟಿಯೊಂದಿಗೆ, ತೇಯುವ ಮೊದಲಿನದೊಂದು, ತೇಯ್ದ ಮೇಲಿನದೊಂದು ಹೀಗೆ ಎರಡು ಫೋಟೋಗಳು ಬಾರದಿದ್ದರೆ, ಪೌಡರ್ ಕಲಸುವ ಮೊದಲು ವೈದ್ಯರಿಗೆ ಫೋನ್ ಮಾಡುತ್ತೇನೆ.