ಪ್ಯಾಕೇಜ್ ಪಟ್ಟಿ ಹೊಸಬರಿಗೂ ಅರ್ಥವಾಗಲಿ

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಗೆ ಹೊಸದಾಗಿ ಬಂದವರು ಪ್ಯಾಕೇಜ್ ಪಟ್ಟಿಯನ್ನು, ಅಂದರೆ ಅನುಸ್ಥಾಪಿಸಲು ಸಿಗುವ ತಂತ್ರಾಂಶದ ಕಟ್ಟುಗಳ ಪಟ್ಟಿಯನ್ನು, ತೆರೆಯುವುದು ಯಾವುದೋ ಒಂದು ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು. ಫೋಟೊ ತಿದ್ದಬೇಕು, ಪಿಡಿಎಫ್ ಓದಬೇಕು, ಧ್ವನಿ ಮುದ್ರಿಸಬೇಕು. ಪಟ್ಟಿ ಮಾತ್ರ ಅವರಿಗೆ ಪ್ಯಾಕೇಜ್‌ಗಳ ಹೆಸರುಗಳನ್ನು ತೋರಿಸುತ್ತದೆ. ಲಿನಕ್ಸ್‌ನ ವಿತರಣೆಗಳಲ್ಲಿ ಒಂದಾದ ಡೆಬಿಯನ್‌ನ 1996ರ ಆವೃತ್ತಿ 1.1ರಲ್ಲಿ 474 ಪ್ಯಾಕೇಜ್‌ಗಳಿದ್ದವು. ಅಷ್ಟನ್ನು ಆಸಕ್ತರೊಬ್ಬರು ಒಂದು ಸಂಜೆ ಕುಳಿತು ಓದಿ ಮುಗಿಸಬಹುದಿತ್ತು. 2023ರ ಡೆಬಿಯನ್ 12ರಲ್ಲಿ ಆ ಸಂಖ್ಯೆ 64 ಸಾವಿರವನ್ನು ದಾಟಿದೆ. ಇಷ್ಟು ದೊಡ್ಡ ಪಟ್ಟಿಯನ್ನು ಯಾರ ಅನುಕೂಲಕ್ಕೆ ತಕ್ಕಂತೆ ಜೋಡಿಸಬೇಕು ಎಂಬುದು ನನ್ನ ದೃಷ್ಟಿಯಲ್ಲಿ ತಂತ್ರಾಂಶವನ್ನು ಬರೆಯುವಷ್ಟೇ ಗಂಭೀರವಾದ ಪ್ರಶ್ನೆ.

ಈ ಸಾವಿರಾರು ಪ್ಯಾಕೇಜ್‌ಗಳಲ್ಲಿ ಬಳಕೆದಾರರು ನೇರವಾಗಿ ತೆರೆದು ಬಳಸುವಂಥವು ಸ್ವಲ್ಪವೇ. ಹಲವು ತಂತ್ರಾಂಶಗಳಿಗೆ ಬೇಕಾಗುವ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡ್‌ನ ಸಂಗ್ರಹವನ್ನು, ಒಂದೇ ಕಡೆ ಇಟ್ಟರೆ ಜಾಗವೂ ಉಳಿಯುತ್ತದೆ, ಭದ್ರತಾ ದೋಷವನ್ನು ಒಮ್ಮೆ ಸರಿಪಡಿಸಿದರೆ ಎಲ್ಲಕ್ಕೂ ಅನ್ವಯವಾಗುತ್ತದೆ. ಆದ್ದರಿಂದ ಒಂದೇ ತಂತ್ರಾಂಶವನ್ನು ಲೈಬ್ರರಿ, ಪ್ಲಗಿನ್, ದತ್ತಾಂಶ, ದಾಖಲೆ ಎಂದು ಒಡೆಯುವುದು ಸರಿಯಾದ ಕ್ರಮವೇ. ಆದರೆ ವಿಡಿಯೊ ಪ್ಲೇಯರ್ ಆದ ವಿಎಲ್‌ಸಿಯ ಹೆಸರನ್ನು ಹುಡುಕಿದ ಹೊಸಬರ ಮುಂದೆ ಈ ತುಂಡುಗಳೆಲ್ಲ ಸಮಾನವಾಗಿ ಸಾಲುಗಟ್ಟಿ ನಿಂತಾಗ, ಯಾವುದನ್ನು ಆರಿಸಿದರೆ ವಿಡಿಯೊ ನೋಡಬಹುದು ಎಂಬುದು ಅವರಿಗೆ ತಿಳಿಯುವುದಿಲ್ಲ. ಆಪ್‌ಸ್ಟ್ರೀಮ್ ಎಂಬ ಮಾನಕವು ಪ್ಯಾಕೇಜನ್ನು ಬಿಟ್ಟು ಆ್ಯಪನ್ನೇ ಘಟಕವಾಗಿ ಹಿಡಿದು, ಅದಕ್ಕೆ ಹೆಸರು, ಐಕಾನ್, ಸ್ಕ್ರೀನ್‌ಶಾಟ್ ಹಾಗೂ ವಿವರಣೆಯನ್ನು ಸೇರಿಸಲು ಅವಕಾಶ ಕೊಟ್ಟದ್ದು ಈ ಕಾರಣಕ್ಕಾಗಿಯೇ ಬಹಳ ಉಪಯುಕ್ತವಾಯಿತು.

ಪ್ಯಾಕೇಜ್‌ಗಳನ್ನು ವಿಂಗಡಿಸುವ ವಿಭಾಗಗಳ ವಿಷಯ ಇನ್ನೂ ಜಟಿಲ. ಡೆಬಿಯನ್‌ನಲ್ಲಿ ಪ್ರತಿ ಪ್ಯಾಕೇಜ್‌ಗೂ ಒಂದೇ ವಿಭಾಗ. ಅಂತರಜಾಲದಲ್ಲಿ ಸಂಗೀತವನ್ನು ಪ್ರಸಾರ ಮಾಡುವ ತಂತ್ರಾಂಶ ಧ್ವನಿ ವಿಭಾಗಕ್ಕೆ ಸೇರಬೇಕೋ ನೆಟ್‌ವರ್ಕ್ ವಿಭಾಗಕ್ಕೋ? ಎಲ್ಲಿ ಇಟ್ಟರೂ ಅರ್ಧದಷ್ಟು ಜನ ಅದನ್ನು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣವು ಪುಸ್ತಕಗಳ ವಿಷಯದಲ್ಲಿ ಇದೇ ತೊಡಕನ್ನು ಎದುರಿಸಿ, ಒಂದು ವಿಷಯವನ್ನು ಹಲವು ಮುಖಗಳಿಂದ ಗುರುತಿಸುವ ದಾರಿಯನ್ನು ತೋರಿಸಿತ್ತು. ಡೆಬಿಯನ್‌ನ ಡೆಬ್‌ಟ್ಯಾಗ್ಸ್ ಎಂಬ ಟ್ಯಾಗ್ ವ್ಯವಸ್ಥೆ ಆ ವಿಚಾರವನ್ನೇ ಪ್ಯಾಕೇಜ್‌ಗಳಿಗೆ ತಂದಿತು: ಇದು ತಂತ್ರಾಂಶವೋ ಲೈಬ್ರರಿಯೋ, ಯಾವ ಕೆಲಸಕ್ಕೆ, ಯಾವ ಬಗೆಯ ಕಡತದೊಂದಿಗೆ, ಯಾವ ಇಂಟರ್‌ಫೇಸ್‌ನಲ್ಲಿ ಎಂಬ ಪ್ರಶ್ನೆಗಳಿಗೆ ಪ್ರತ್ಯೇಕ ಟ್ಯಾಗ್‌ಗಳು. ಚಿತ್ರ, ತಿದ್ದುವಿಕೆ ಎಂಬ ಎರಡು ಟ್ಯಾಗ್‌ಗಳನ್ನು ಕೂಡಿಸಿದರೆ ಸಾವಿರಾರು ಹೆಸರುಗಳು ಕಣ್ಣಾಡಿಸಿ ನೋಡಬಹುದಾದಷ್ಟಕ್ಕೆ ಇಳಿಯುತ್ತವೆ. ಟ್ಯಾಗ್ ಹಚ್ಚುವ ಕೈಗಳು ಬೇಕು, ನಿಜ. ಆದರೂ ವಿಭಾಗಗಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋಗುವುದಕ್ಕಿಂತ ಈ ಶ್ರಮವೇ ಹೆಚ್ಚು ಫಲ ಕೊಡುತ್ತದೆ.

ಜನಪ್ರಿಯತೆಯ ಕ್ರಮದಲ್ಲಿ ಜೋಡಿಸಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಬರಿಯ ಅನುಸ್ಥಾಪನೆಗಳನ್ನು ಎಣಿಸಿದರೆ, ಬೇರೆಯವುಗಳ ಜೊತೆ ತಾನಾಗಿ ಬರುವ ಲೈಬ್ರರಿಗಳೂ ವ್ಯವಸ್ಥೆಯ ಮೂಲ ಪ್ಯಾಕೇಜ್‌ಗಳೂ ಮೇಲೆ ಬಂದು ಕೂರುತ್ತವೆ. ಬಲ್ಲವರು ಆರಿಸಿಕೊಟ್ಟ ಕಿರುಪಟ್ಟಿಗಳ ಮೇಲೆ ನನಗೆ ಹೆಚ್ಚು ನಂಬಿಕೆ. ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜ್ ಭಂಡಾರವಾದ ಕ್ರ್ಯಾನ್‌ನಲ್ಲಿ ಟಾಸ್ಕ್ ವ್ಯೂಗಳೆಂಬ ಪುಟಗಳಿವೆ; ಆಯಾ ಕ್ಷೇತ್ರದ ತಜ್ಞರು ಅವುಗಳಲ್ಲಿ ಯಾವ ಪ್ಯಾಕೇಜ್ ಯಾವ ಕೆಲಸಕ್ಕೆ ಎಂದು ವಿವರಿಸಿ, ಮುಖ್ಯವಾದವುಗಳನ್ನು ಬೇರೆಯಾಗಿ ಗುರುತಿಸಿರುತ್ತಾರೆ. ಕಲಿಯುವವರಿಗೆ ಬೇಕಾದದ್ದು ಇಂಥ ಹೊಣೆ ಹೊತ್ತ ಆಯ್ಕೆ.

ಇವೆಲ್ಲಕ್ಕಿಂತ ಕಡಿಮೆ ಖರ್ಚಿನ ಸುಧಾರಣೆ ಪ್ರತಿ ಪ್ಯಾಕೇಜ್‌ಗೆ ಕೊಡುವ ಒಂದು ಸಾಲಿನ ವಿವರಣೆಯಲ್ಲಿದೆ. ಡೆಬಿಯನ್‌ನ ನಿಯಮದಂತೆ ಅದು 80 ಅಕ್ಷರಗಳೊಳಗಿರಬೇಕು, ಪ್ಯಾಕೇಜ್‌ನ ಹೆಸರನ್ನೇ ಮತ್ತೆ ಹೇಳಬಾರದು. ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಕಿಟಕಿ-ಗುಂಡಿಗಳನ್ನು ಕಟ್ಟಲು ಯಾವ ಟೂಲ್‌ಕಿಟ್ ಬಳಸಿದ್ದು ಎಂಬುದಕ್ಕೆ ಆ ಕಿರಿದಾದ ಜಾಗವನ್ನು ವ್ಯಯಿಸದೆ, ಇದರಿಂದ ಏನು ಮಾಡಬಹುದು ಎಂಬುದನ್ನು ಅಲ್ಲಿ ಹೇಳಬೇಕು. ಹೊಸಬರೊಬ್ಬರು ಹುಡುಕಿ ಸೋತಾಗ ಅವರು ಟೈಪ್ ಮಾಡಿದ ಪದ ಯಾವುದೆಂದು ಕೇಳಿ ತಿಳಿದುಕೊಂಡರೆ, ಅದನ್ನು ಆಪ್‌ಸ್ಟ್ರೀಮ್ ಕಡತದ ಹುಡುಕುಪದಗಳ ಸಾಲಿಗೆ ಸೇರಿಸಲು ಪ್ಯಾಕೇಜ್‌ನ ನಿರ್ವಾಹಕರಿಗೆ ಕೆಲವೇ ನಿಮಿಷ ಸಾಕು.